ಬಿಳಿತುದಿ, ಕರಿತುದಿ

೭ ಅಕ್ಟೋಬರ್ ೧೯೮೧, ಬುಧವಾರ, ಖಂಡೇನವಮಿ. ಇಳಕಲ್

ಇವತ್ತಿನಿಂದ ಈ ಮನೆಯಲ್ಲಿ ನಾನು ಮಾತಾಡುವುದಿಲ್ಲ. ಬಾಯಿ ತೆರೆದರೆ ಏನೇನು ಉದುರುತ್ತದೋ ನನಗೇ ಭರವಸೆಯಿಲ್ಲ. ಅದಕ್ಕೇ ಬರೆಯುತ್ತ ಕೂತಿದ್ದೇನೆ.

ಶಾಲೆಯಲ್ಲಿ ಡ್ರಿಲ್ ಸಾಮಾನಿನ ಪೂಜೆ ಮುಗಿಸಿ, ಚೆಂಡಿಗೆ ಕುಂಕುಮ, ಸೀಟಿಗೆ ಸೇವಂತಿ ಏರಿಸಿ ಮಧ್ಯಾಹ್ನ ಮನೆಗೆ ಬಂದೆ. ಅಂಗಳದಲ್ಲಿ ಕುಡುಗೋಲು, ಕೊಡಲಿ, ಈಳಿಗೆಮಣೆ, ಮಗ್ಗದ ಲಾಳಿ ಎಲ್ಲ ಸಾಲಾಗಿ ವಿಭೂತಿ ಹಚ್ಚಿಸಿಕೊಂಡು ಕೂತಿದ್ದವು. ಅವುಗಳ ಪಕ್ಕದಲ್ಲಿ ನನ್ನ ಎರಡು ಬಿಲ್ಲು! ಸ್ನಾನ ಮಾಡಿ, ಎಣ್ಣೆ ಹಚ್ಚಿಕೊಂಡು, ಅರಿಷಿಣ ಬಳಿದುಕೊಂಡು ಮದುಮಕ್ಕಳ ಹಾಗೆ ಗೋಡೆಗೆ ಒರಗಿದ್ದವು.

"ಅತ್ತಿ, ಇವನ್ನ ಯಾಕ ತೊಳದ್ರಿ?" ಅಂದೆ.

"ಆಯುಧ ಅಲ್ಲೇನವಾ? ಕಂಬಳ್ಯಾಗ ಸುತ್ತಿ ಮೂಲ್ಯಾಗ ನಿಂದರಿಸಿದ್ದಿ. ನಾಳೆ ದೇವರು ಕೇಳಿದರ ನಾ ಏನ್ ಹೇಳಲಿ? ಹುಣಸಿಹಣ್ಣು, ಒಲಿ ಬೂದಿ ಹಚ್ಚಿ ತಿಕ್ಕೇನಿ, ಮ್ಯಾಲ ಕುಸುಬಿ ಎಣ್ಣಿ ಸವರೇನಿ. ನೋಡು, ಹೆಂಗ ಮಿಂಚಾಕ ಹತ್ತ್ಯಾವು."

"ಮ್ಯಾಲ ಏನರೆ ಬರದಿತ್ತೇನ್ರಿ?"

"ಯಾವನೋ ಎರಡರ ಮ್ಯಾಲೂ ಪೆನ್ನಿಲೆ ಗೀಚಿದ್ದ, ನನಗೆಲ್ಲಿ ಓದಾಕ ಬರತೈತಿ. ಅದನ್ನ ತಗಿಯೂದರಾಗ ನನ್ನ ರಟ್ಟಿ ಬಿದ್ದು ಹೋದುವು."

ಅಯ್ಯೋ ಶಿವನೇ! ಆ ಗೀಚಿದ್ದರಲ್ಲೇ ನನ್ನ ಜೀವ ಇತ್ತು.

ಬಿಲ್ಲು ಕಮತಗಿಯ ಜಾಫರಸಾಬರವು. ಮಿಲಿಟರಿಯಲ್ಲಿ ಸುಭೇದಾರರಾಗಿ ಪೆನ್ಶನ್ ಆದವರು. ಎರಡು ವರುಷದ ಹಿಂದೆ ಹುನಗುಂದದ ಕ್ರೀಡಾಕೂಟದಲ್ಲಿ ನಾನು ಬಿದಿರಿನ ಬಿಲ್ಲು ಎಳೆಯುವುದನ್ನು ನೋಡಿ, "ಯವ್ವಾ, ನಿನ್ನ ಕೈ ಖರೆ ಅದ, ಬಿಲ್ಲು ಖೊಟ್ಟಿ ಅದ" ಅಂದರು. ಹೋದ ಭಾನುವಾರ ಕರೆಸಿ ಈ ಎರಡನ್ನು ಕೊಟ್ಟರು. ಪರದೇಶದ ಮಾಲು, ಗುರಿಸ್ಪರ್ಧೆಗೆಂದೇ ಮಾಡಿದ್ದು, ತುದಿಗಳು ಹೊರಕ್ಕೆ ಬಾಗಿದವು. ಒಂದೇ ಕಂಪನಿ, ಒಂದೇ ಉದ್ದ. ಒಂದು ಎಪ್ಪತ್ತೆರಡನೇ ಇಸವಿಯ ಮಾದರಿ, ಇನ್ನೊಂದು ಎಪ್ಪತ್ತಾರರದು. ಎರಡರಲ್ಲಿ ಒಂದಕ್ಕೆ ಒಳಗಿನ ಅಂಟು ಬಿಟ್ಟಿದೆಯಂತೆ. ಅದಕ್ಕೆ ಹೆದೆ ಏರಿಸಿ ಜಗ್ಗಿದರೆ ಸಿಡಿದು ಮುಖಕ್ಕೇ ಬಡಿಯುತ್ತದೆ. "ಯಾವುದು ಹೆಂಗ ಅಂತ ಎರಡರ ಮ್ಯಾಲೂ ಬರದೇನಿ, ಓದಿಕೋ" ಅಂದಿದ್ದರು. ನಾನು ವಿಜಯದಶಮಿಯ ದಿನ ಬಿಚ್ಚೋಣ ಅಂತ ಕಂಬಳಿ ಗಂಟನ್ನು ಮುಟ್ಟಿರಲಿಲ್ಲ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ!

ನವೆಂಬರ್ ೨೯ಕ್ಕೆ ಬಾಗಲಕೋಟೆಯಲ್ಲಿ ಹೆಣ್ಣುಮಕ್ಕಳ ಆಯ್ಕೆ. ಅಲ್ಲಿ ಗೆದ್ದವರು ರಾಜ್ಯದ ತಂಡಕ್ಕೆ. ಧಾರವಾಡದ ಕಾಲೇಜಿನಲ್ಲಿ ಕಲಿತ ಬಿಲ್ವಿದ್ಯೆ ಡ್ರಿಲ್ ಟೀಚರ ನೌಕರಿ ಹತ್ತಿದ ಮೇಲೆ ಬಿದಿರಿನಲ್ಲೇ ಮುದುಡಿಕೊಂಡಿದೆ. ನನಗೆ ಇಪ್ಪತ್ತೇಳು. ಇನ್ನೊಂದು ವರುಷ ಕಳೆದರೆ ಕೈಯಲ್ಲಿ ಬಿಲ್ಲಿನ ಹೆದೆ ಇರುವುದಿಲ್ಲ, ತೊಟ್ಟಿಲ ಹಗ್ಗ ಇರುತ್ತದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ರಾಯಚೂರಿನಲ್ಲಿ ವಿದ್ಯುತ್ ಮಂಡಳಿಯ ಕೆಲಸದ ಮೇಲಿರುವ ನನ್ನ ಯಜಮಾನ ಹುಲ್ಲಪ್ಪನವರಿಗೆ ಇವತ್ತೇ ಕಾರ್ಡು ಹಾಕಿದೆ: ಕೂಡಲೇ ಕ್ವಾರ್ಟರ್ಸಿಗೆ ಅರ್ಜಿ ಕೊಡಿ, ನಿಮ್ಮ ತಾಯಿ ಸಂಗವ್ವನವರ ಜೊತೆ ನಾನು ಇನ್ನು ಇರಲಾರೆ.

೮ ಅಕ್ಟೋಬರ್, ಗುರುವಾರ

ಊರೆಲ್ಲ ಬನ್ನಿ ಹಂಚಿ "ಬಂಗಾರದಂಗ ಇರೂಣು" ಅಂತಿದ್ದರು. ಸಂಗವ್ವನವರು ನನ್ನ ಕೈಯಲ್ಲಿ ಬನ್ನಿ ತುರುಕಿದರು. ನಾನು ಅವರ ಕೈಯಲ್ಲಿ ತುರುಕಿದೆ. ಅವರು ಗೋಡೆಯ ಮಾಡ ನೋಡಿದರು, ನಾನು ಮಾಳಿಗೆ ನೋಡಿದೆ. ಕಾಲು ಮುಟ್ಟಿ ನಮಸ್ಕಾರ ಮಾಡಿದೆ, ಅದು ಬೇರೆ ಮಾತು.

೧೩ ಅಕ್ಟೋಬರ್, ಮಂಗಳವಾರ

ಮನೆಯಲ್ಲಿ ಈಗ ಬೆಕ್ಕಿಗೆ ಭಾಳ ಬೇಡಿಕೆ. ಮುದುಕಿ ಅದಕ್ಕೆ ಹೇಳುತ್ತಾರೆ, ನಾನು ಕೇಳಿಸಿಕೊಳ್ಳುತ್ತೇನೆ. "ಬೆಕ್ಕೇ, ರೊಟ್ಟಿ ಆರಾಕ ಹತ್ತ್ಯಾವು. ಉಣ್ಣಾವರು ಉಣ್ಣಲಿ, ಇಲ್ಲಂದ್ರ ಎಮ್ಮಿಗೆ ಹಾಕತೀನಿ." ನಾನೂ ಬೆಕ್ಕಿಗೇ ಉತ್ತರ ಕೊಡುತ್ತೇನೆ: "ಬೆಕ್ಕೇ, ಪಲ್ಯಾಕ್ಕ ಉಪ್ಪು ಕಡಿಮಿ ಆಗೇದ." ಬೆಕ್ಕು ಇಬ್ಬರನ್ನೂ ನೋಡಿ ಎದ್ದು ಹೋಗುತ್ತದೆ.

ಇವತ್ತು ರಜೆ ಹಾಕಿ ಎರಡೂ ಬಿಲ್ಲುಗಳನ್ನು ಜಮಖಾನೆಯ ಮೇಲೆ ಮಲಗಿಸಿ ಪರೀಕ್ಷೆ ಮಾಡಿದೆ. ಮೊದಲ ನೋಟಕ್ಕೆ ಅವಳಿ. ಒಂದು ತಾಸು ನೋಡಿದ ಮೇಲೆ ಅಕ್ಕ-ತಂಗಿ. ಒಂದರ ತುದಿಗೆ ಬಿಳಿ ಚೂರು ಅಂಟಿಸಿದ್ದಾರೆ, ಇನ್ನೊಂದಕ್ಕೆ ಕರಿ. ಅದಕ್ಕೇ ಬಿಳಿತುದಿ, ಕರಿತುದಿ ಅಂತ ಹೆಸರಿಟ್ಟೆ. ಬಿಳಿತುದಿಯ ಹಿಡಿಯ ಕಟ್ಟಿಗೆಯಲ್ಲಿ ಎರಡು ಬಿಳಿ ಗೆರೆ, ಕರಿತುದಿಯದರಲ್ಲಿ ಒಂದೇ. ಬಾಣ ಕೂರುವ ಕಡೆ ಹಿಡಿಯನ್ನು ಕೊರೆದಿರುತ್ತಾರಲ್ಲ, ಆ ಕಿಟಕಿ ಕರಿತುದಿಗೆ ಎರಡು ಬೆರಳು ಉದ್ದ, ತುಸು ಆಳ. ಬಿಳಿತುದಿ ಕೊನೆಯಲ್ಲಿ ನಿಧಾನಕ್ಕೆ ಬಾಗುತ್ತದೆ, ಕರಿತುದಿ ಸಿಟ್ಟು ಬಂದವರ ಹಾಗೆ ಗಕ್ಕನೆ ತಿರುಗುತ್ತದೆ. ಮುಂದೆ ಭಾರದ ಕೋಲು ಸಿಕ್ಕಿಸುವ ಹಿತ್ತಾಳೆಯ ತೂತು ಎರಡಕ್ಕೂ ಇದೆ.

ವ್ಯತ್ಯಾಸ ಎಲ್ಲ ಗೊತ್ತಾಯಿತು. ಯಾವುದು ಎಪ್ಪತ್ತೆರಡು, ಯಾವುದು ಎಪ್ಪತ್ತಾರು ಅನ್ನುವುದು ಮಾತ್ರ ಗೊತ್ತಾಗಲಿಲ್ಲ. ಅದು ತಿಳಿದರೆ, ಬಿರುಕು ಯಾವ ಇಸವಿಯದಕ್ಕೆ ಅಂತ ಜಾಫರಸಾಬರನ್ನು ಕೇಳಿದರೆ ಸಾಕಿತ್ತು. ಬಿರುಕನ್ನೇ ಹುಡುಕೋಣ ಅಂದರೆ, ಇವು ಕಟ್ಟಿಗೆ, ಗಾಜಿನ ನಾರು ಪದರು ಪದರಾಗಿ ಅಂಟಿಸಿ ಮಾಡಿದವು, ಅಂಚಿನ ತುಂಬ ಬರೀ ಗೆರೆಗಳೇ. ಮೇಲೆ ಆ ಕುಸುಬಿ ಎಣ್ಣೆ ಬೇರೆ ಕುಡಿದು ಎಲ್ಲ ಒಂದೇ ಹೊಳಪು.

ಊಟಕ್ಕೆ ಕೂತರೆ ತಟ್ಟೆಯಲ್ಲಿ ಕೆಂಪು ಮೆಣಸಿನಕಾಯಿಯ ರಂಜಕ, ಅಗಸಿ ಹಿಂಡಿ, ಕೆನೆಮೊಸರು. ಲಂಚ ಅಂತ ಗೊತ್ತು. ಉಂಡೆ.

೧೮ ಅಕ್ಟೋಬರ್, ಭಾನುವಾರ

ಎರಡೂ ಬಿಲ್ಲು ಹೊತ್ತು ಬಾಗಲಕೋಟೆ ಬಸ್ಸಿನಲ್ಲಿ ಕಮತಗಿಗೆ ಹೋದೆ. ಕಂಡಕ್ಟರ್ "ಅಕ್ಕಾರ, ಯಾವ ಬಯಲಾಟದ ಸಾಮಾನ್ರಿ ಇವು?" ಅಂದ. ನಾನು ಬೆಕ್ಕಿನ ಮೇಲಿನ ಸಿಟ್ಟನ್ನೆಲ್ಲ ಅವನ ಮೇಲೆ ತೀರಿಸಿದೆ.

ಬಿಲ್ಲಿನ ಮೇಲೆ ಬರೆದದ್ದು ಜಾಫರಸಾಬರ ಕಣ್ಣು ಚೆನ್ನಾಗಿದ್ದಾಗ, ಈಗ ಎರಡಕ್ಕೂ ಪೊರೆ ಬಂದಿದೆ. ಮನುಷ್ಯರು ನೆರಳಿನ ಹಾಗೆ ಕಾಣುತ್ತಾರಂತೆ. ಅಳುಕುತ್ತ ತೊಳೆದ ಕಥೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ನಲವತ್ತು ವರ್ಷ ಬಂದೂಕ ಒರಸೇನಿ, ಬೂದಿ ಹಚ್ಚೂದು ಹೊಳೀಲಿಲ್ಲ ನೋಡು!"

"ಹಿತ್ತಾಳಿ ತೂತು ನೋಡಿ ಹೇಳಾಕ ಬರತೈತೇನ್ರಿ?" ಅಂದೆ.

"ಎಪ್ಪತ್ತಾರರದಕ್ಕ ಕಂಪನ್ಯಾವರು ಕೊಟ್ಟಿದ್ದರು. ಎಪ್ಪತ್ತೆರಡರದಕ್ಕ ನಾನೇ ಕೊರಿಸೇನಿ."

"ಬಿರುಕು ಯಾವುದಕ್ಕರಿ?"

"ಎಪ್ಪತ್ತೆರಡರದಕ್ಕ. ಹಳೇದು ಅಲ್ಲೇನು? ಹಳೇದೇ ಒಡೀತದ."

ಒಳಗಿನಿಂದ ಅವರ ಹೆಂಡತಿ ಹಜರತಬಿ ಚಹಾ ತರುತ್ತ, "ಇವರ ಮಾತು ಖರೆ ಅಂತ ಹಿಡೀಬ್ಯಾಡ ತಂಗಿ. ಮುಂಜಾನೆ ಉಂಡದ್ದು ಸಂಜಿಗೆ ನೆನಪಿರೂದಿಲ್ಲ" ಅಂದರು. ಮುದುಕ ಕೇಳದವರ ಹಾಗೆ ಬಸಿಯಲ್ಲಿ ಚಹಾ ಊದಿಕೊಂಡರು.

ಆಗ ಗೋಡೆ ನೋಡಿದೆ. ಒಂದು ಫೋಟೋ. ಜಾಫರಸಾಬರು ಚಡ್ಡಿ, ಬೂಟು ಹಾಕಿಕೊಂಡು ಬಿಲ್ಲು ಹಿಡಿದು ನಿಂತಿದ್ದಾರೆ. ಕೆಳಗೆ ಇಸವಿ: ೧೯೭೪. ಎಪ್ಪತ್ತನಾಲ್ಕರಲ್ಲಿ ಎಪ್ಪತ್ತಾರರ ಬಿಲ್ಲು ಎಲ್ಲಿಂದ ಬರಬೇಕು? ಕೈಯಲ್ಲಿರುವುದು ಎಪ್ಪತ್ತೆರಡರದ್ದೇ. ಸ್ಟೂಲು ಹತ್ತಿ ಮೂಗು ಹಚ್ಚಿ ನೋಡಿದೆ. ತುದಿ ಬೆಳ್ಳಗೆ! ಹಿಡಿಯಲ್ಲಿ ಎರಡು ಗೆರೆ!

ಬಿಳಿತುದಿ ಎಪ್ಪತ್ತೆರಡು. ಕರಿತುದಿ ಎಪ್ಪತ್ತಾರು. ಹಾಗಾದರೆ ಗಟ್ಟಿಯಾದದ್ದು ಕರಿತುದಿ. ಸ್ಟೂಲಿನ ಮೇಲೇ ಕುಣಿದೆ. ಹಜರತಬಿ "ಸ್ಟೂಲು ಮುರೀತದ ತಂಗಿ, ಅದೂ ಎಪ್ಪತ್ತೆರಡರದು" ಅಂದರು.

ಬರುವಾಗ ಅಮೀನಗಡದಲ್ಲಿ ಕರದಂಟು ತಂದೆ. ಮನೆಯಲ್ಲಿ ಬೆಕ್ಕಿನ ಮುಂದಿಟ್ಟೆ. ಬೆಕ್ಕು ಕರದಂಟು ತಿನ್ನುವುದಿಲ್ಲ ಅನ್ನುವುದು ಗೊತ್ತಿದ್ದದ್ದೇ.

೧೯ ಅಕ್ಟೋಬರ್, ಸೋಮವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು. ಅಕ್ಷರ ಸೊಟ್ಟ ಬಂದರೆ ಬರಲಿ.

ಶಾಲೆ ಬಿಟ್ಟು ಬಂದವಳೇ ಕರಿತುದಿ ತೆಗೆದುಕೊಂಡು ಅಂಗಳಕ್ಕೆ ಇಳಿದೆ. ಹೊಸ ಹೆದೆಗೆ ಮೇಣ ತಿಕ್ಕಿದೆ. ಸಂಗವ್ವನವರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದರು. ಕೇಳಲಿ ಅಂತಲೇ ಜೋರಾಗಿ ಬೆಕ್ಕಿಗೆ ಹೇಳಿದೆ: "ಬೆಕ್ಕೇ, ಯಾರು ಎಷ್ಟು ಅಳಿಸಿದರೂ ನಾ ಹುಡುಕೇನಿ. ಇದು ಗಟ್ಟಿ ಬಿಲ್ಲು. ಒಳಗ ಬಿರುಕು ಬಿಟ್ಟದ್ದು ಅಕಾ ಅಲ್ಲಿ, ಆ ಬಿಳಿತುದಿದು."

ಕೆಳಗಿನ ತುದಿಯನ್ನು ಪಾದಕ್ಕೆ ಆನಿಸಿ, ಬಿಲ್ಲು ಬಗ್ಗಿಸುವುದಕ್ಕೆ ಮೈಭಾರ ಹಾಕುವಷ್ಟರಲ್ಲಿ ಮೊರ ದಡಕ್ಕನೆ ಬಿದ್ದ ಸಪ್ಪಳ ಆಯಿತು.

"ನಿಂದರ ರೇಣವ್ವಾ! ಬಿಡು ಅದನ್ನ! ಬಿರುಕು ಅಂದೇನು? ಬೂದಿ ಹೊಕ್ಕಿದ್ದು ಅದರಾಗಲ್ಲ, ಇದರಾಗ!"

ಅಂಗಳದ ತುಂಬ ಅಕ್ಕಿ. ಮುದುಕಿ ಅದನ್ನೇ ತುಳಿದುಕೊಂಡು ಓಡಿ ಬಂದು ನನ್ನ ಮುಂಗೈ ಹಿಡಿದರು. ಆ ದಿನ ತಿಕ್ಕುವಾಗ ಈ ಕರಿತುದಿಯ ಕೆಳಗಿನ ತೋಳಿನ ಅಂಚಿನಲ್ಲಿ ಬೂದಿ ಸಿಕ್ಕಿಕೊಂಡಿತ್ತಂತೆ. ಎಷ್ಟು ತೊಳೆದರೂ ಹೋಗಲಿಲ್ಲವಂತೆ. ಕಡೆಗೆ ತುರುಬಿನ ಪಿನ್ನಿನಿಂದ ಕೆದರಿ ತೆಗೆದು, ಗೆರೆ ಕಾಣಬಾರದು ಅಂತ ಎಣ್ಣೆ ಹಚ್ಚಿದರಂತೆ.

ನಾನು ನಂಬಲಿಲ್ಲ. ಸುಭೇದಾರರ ಮಾತು, ಫೋಟೋದ ಸಾಕ್ಷಿ ಎಲ್ಲ ಹೇಳಿದೆ. ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಒಲೆಯಿಂದ ಒಂದು ಹಿಡಿ ಬೂದಿ ತಂದು, ನೀರು ಹಾಕಿ ಕಲಸಿ, ಅಂಚಿಗೆ ಬಳಿದು ಸೆರಗಿನಿಂದ ಒರೆಸಿದರು. ಕರಿತುದಿಯ ಅಂಚಿನಲ್ಲಿ ಗೇಣುದ್ದ ಬಿಳಿ ಗೆರೆ ಉಳಿಯಿತು. ಬಿಳಿತುದಿಗೂ ಹಾಗೇ ಬಳಿದು ಒರೆಸಿದರು. ಏನೂ ಇಲ್ಲ, ಕನ್ನಡಿಯ ಹಾಗೆ ನುಣುಪು.

ಮಾದರಿ ನಾನು ಸರಿಯಾಗಿಯೇ ಗುರುತಿಸಿದ್ದೆ. ಒಡೆದದ್ದು ಹೊಸದು, ಅಷ್ಟೇ. ಹಳೆಯದು ಗಟ್ಟಿಯಾಗಿತ್ತು.

"ಇಷ್ಟು ದಿನಾ ಯಾಕ ಹೇಳಲಿಲ್ಲರಿ ಅತ್ತಿ?" ಅಂದೆ.

"ನೀ ಕೇಳಿದೇನು? ಎಪ್ಪತ್ತೆರಡು, ಎಪ್ಪತ್ತಾರು ಅಂತ ಬೆಕ್ಕಿಗೆ ಲೆಕ್ಕ ಕಲಿಸಾಕ ಹತ್ತಿದ್ದಿ. ಬಿಲ್ಲಿನ ವಯಸ್ಸು ಹುಡುಕಾಕ ಹತ್ತ್ಯಾಳ, ಹುಡುಕಲಿ ಅಂತ ನಾ ಬಿಟ್ಟೆ. ಬಿರುಕಿನ ಮಾತು ಇವತ್ತೇ ಕಿವಿಗೆ ಬಿತ್ತು." ಆಮೇಲೆ ಸಣ್ಣ ದನಿಯಲ್ಲಿ, "ಮಾರಿಗೆ ಬಡದಿದ್ರ ನಾ ನನ್ನ ಮಗಗ ಏನ್ ಹೇಳ್ತಿದ್ದೆ? ಮಗ ಹೋಗಲಿ, ನಾ ಹೆಂಗ ಇರತಿದ್ದೆ?" ಅಂದರು.

ನಾನು ಅತ್ತೆ. ಅವರೂ ಅತ್ತರು. ಬೆಕ್ಕು ಅಕ್ಕಿಯ ಮೇಲೆ ಹೊರಳಾಡಿತು. ಮೂವರೂ ಕೂಡಿ ಅಕ್ಕಿ ಆರಿಸಿದೆವು ಅಂತ ಬರೆಯಬಹುದಿತ್ತು, ಆದರೆ ಬೆಕ್ಕು ಏನೂ ಮಾಡಲಿಲ್ಲ.

೨೦ ಅಕ್ಟೋಬರ್

ಬಿಳಿತುದಿಗೆ ಹೆದೆ ಏರಿಸಿದೆ. ಜಗ್ಗಿದೆ. ಬಿಟ್ಟೆ. ಮೊದಲ ಬಾಣ ಪಕ್ಕದ ಮನೆಯ ಬಣವೆಗೆ. ಆಹಾ!

೬ ನವೆಂಬರ್, ಶುಕ್ರವಾರ

ಬರೆಯಲು ಪುರುಸೊತ್ತಿಲ್ಲ. ಮುಂಜಾನೆ ಊರ ಹೊರಗಿನ ಬಯಲಿನಲ್ಲಿ ಅಭ್ಯಾಸ, ಸಂಜೆ ಮತ್ತೆ ಅಭ್ಯಾಸ. ಗುರಿಹಲಗೆಯನ್ನು ಅತ್ತೆಯೇ ಮಾಡಿದರು: ಜೋಳದ ಕಣಿಕೆ ಬಿಗಿದು, ಮೇಲೆ ಗೋಣಿಚೀಲ ಹೊಲಿದು, ನಡುವೆ ದೊಡ್ಡ ಕುಂಕುಮದ ಬೊಟ್ಟು. ಬಾಣ ಆರಿಸಿ ತರುವ ಕೆಲಸವನ್ನೂ ಅವರೇ ಹಿಡಿದಿದ್ದಾರೆ. ಒಂದೊಂದು ಬಾಣಕ್ಕೂ ಒಂದೊಂದು ಟೀಕೆ. "ಇದು ಬೊಟ್ಟಿಗೆ ಹತ್ತೇತಿ. ಇದು ಗಲ್ಲಕ್ಕ. ಇದು ಎಲ್ಲಿಗೆ ಹೊಂಟಿತ್ತವಾ, ಇಳಕಲ್ ಬಸ್‌ಸ್ಟ್ಯಾಂಡಿಗೇನು?"

ಹೆದೆ ಬಡಿದು ನನ್ನ ಮುಂಗೈ ನೀಲಿಗಟ್ಟಿತ್ತು. ತಮ್ಮ ಮದುವೆಯ ಸೀರೆಯ ಅಂಚು ಕತ್ತರಿಸಿ, ಹತ್ತಿ ತುಂಬಿ ಪಟ್ಟಿ ಹೊಲಿದು ಕಟ್ಟಿದರು. "ಮದವಿ ಸೀರಿ ಯಾಕ್ರಿ ಕತ್ತರಿಸಿದ್ರಿ?" ಅಂದರೆ, "ಟ್ರಂಕಿನಾಗ ಕುಂತು ಏನ್ ಮಾಡತಿತ್ತು?" ಅಂದರು.

ಬಿಳಿತುದಿಯ ಸ್ವಭಾವ ಈಗ ತಿಳಿಯುತ್ತಿದೆ. ಎಪ್ಪತ್ತೆರಡರ ಮಾದರಿ ಎತ್ತಿನ ಗಾಡಿ. ಬಾಣ ನಿಧಾನಕ್ಕೆ ಹೋಗುತ್ತದೆ, ಬೇಗ ಇಳಿಯುತ್ತದೆ. ದೂರದ ಗುರಿಗೆ ಒಂದು ಗೇಣು ಮೇಲೆ ನೋಡಿ ಬಿಡಬೇಕು. ಆದರೆ ಕೈ ಚೂರು ಅಲುಗಿದರೂ ತಾಳಿಕೊಳ್ಳುತ್ತದೆ. ಕರಿತುದಿ ಗಟ್ಟಿ ಇದ್ದಿದ್ದರೆ ಜೋರು ಕುದುರೆಯಾಗುತ್ತಿತ್ತು, ನನ್ನ ಕೈಗೆ ಬಗ್ಗುತ್ತಿತ್ತೋ ಇಲ್ಲವೋ.

೧೬ ನವೆಂಬರ್

ಅತ್ತೆಗೆ ಜ್ವರ. ಅಭ್ಯಾಸ ಬೇಡ ಅಂತ ನಾನು ಗಂಜಿ ಮಾಡಿ ಪಕ್ಕದಲ್ಲಿ ಕೂತೆ. ಅರ್ಧ ತಾಸಿಗೊಮ್ಮೆ "ಹೋಗವಾ, ಬಾಣ ಬಿಡು ಹೋಗು" ಅಂತ ದಬ್ಬಿದರು. ಹೋಗಲಿಲ್ಲ. ಬಾಣ ತಂದು ಕೊಡುವವರು ಇಲ್ಲದೆ ಬಿಡುವುದಕ್ಕೂ ಬೇಸರ.

೨೯ ನವೆಂಬರ್, ಭಾನುವಾರ. ಬಾಗಲಕೋಟೆ

ಜಾಫರಸಾಬರ ನೆಂಟರ ಮನೆಯಲ್ಲಿ ಉಳಿದಿದ್ದೇವೆ. ನಮ್ಮತ್ತೆ ಹಜರತಬಿಯ ಜೊತೆ ಇನ್ನೂ ಹರಟುತ್ತಿದ್ದಾರೆ. ಮೊದಲಿನಿಂದ ಬರೆಯುತ್ತೇನೆ, ಇಲ್ಲದಿದ್ದರೆ ಖುಷಿಗೆ ಎಲ್ಲ ಕಲಸುಮೇಲೋಗರ ಆಗುತ್ತದೆ.

ಮೈದಾನದಲ್ಲಿ ಹನ್ನೊಂದು ಹೆಣ್ಣುಮಕ್ಕಳು. ಅರ್ಧದಷ್ಟು ಜನರ ಕೈಯಲ್ಲಿ ಬಿಚ್ಚಿ ಜೋಡಿಸುವ ಹೊಸ ಬಿಲ್ಲು. ಧಾರವಾಡದಿಂದ ಬಂದ ತೀರ್ಪುಗಾರರು ನನ್ನ ಬಿಲ್ಲು ತಿರುಗಿಸಿ ನೋಡಿ, "ಹಳೇ ಮಾಲು. ಯಾವ ಮಾದರೀರಿ ಇದು?" ಅಂದರು. ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ನಮ್ಮತ್ತೆ:

"ಎಪ್ಪತ್ತೆರಡರದ್ರಿ. ಬಿಳಿ ತುದಿ ಐತಿ, ಹಿಡಿಯೊಳಗ ಎರಡು ಗೆರಿ ಅದಾವು, ಕಿಟಕಿ ಸಣ್ಣದು. ಎಪ್ಪತ್ತಾರರದಾಗಿದ್ರ ಒಂದೇ ಗೆರಿ ಇರತಿತ್ತರಿ. ತೂತು ನೋಡಿ ಮೋಸ ಹೋಗಬ್ಯಾಡ್ರಿ, ಅದು ಆಮ್ಯಾಲ ಕೊರಿಸಿದ್ದು."

ತೀರ್ಪುಗಾರರು ಕನ್ನಡಕ ತೆಗೆದು ಅವರನ್ನು ನೋಡಿದರು, ಮತ್ತೆ ಹಾಕಿಕೊಂಡು ನೋಡಿದರು.

ಅಷ್ಟಕ್ಕೇ ಮುಗಿಯಲಿಲ್ಲ. ವಿಜಾಪುರದ ಹುಡುಗಿಯೊಬ್ಬಳ ಕೈಯಲ್ಲಿ ನಮ್ಮ ಕರಿತುದಿಯಂಥದೇ ಇತ್ತು. ನಮ್ಮತ್ತೆ ಸೊಂಟದ ಸಂಚಿಯಿಂದ ಸಣ್ಣ ಡಬ್ಬಿ ತೆಗೆದರು. ಬೂದಿ! ಇಳಕಲ್ಲಿನಿಂದ ಕಟ್ಟಿಕೊಂಡು ಬಂದಿದ್ದರು. "ತಂಗಿ, ಇದು ಎಪ್ಪತ್ತಾರರದು. ತಡಿ, ನೋಡಿಬಿಡೂಣು." ಆ ಹುಡುಗಿ ಹೆದರಿ ಬಿಲ್ಲು ಅಪ್ಪಿಕೊಂಡಳು. ಕಡೆಗೆ ಪರೀಕ್ಷೆ ಆಯಿತು. ಗಟ್ಟಿ ಇತ್ತು. ಹುಡುಗಿ ನಮ್ಮತ್ತೆಯ ಕಾಲು ಮುಟ್ಟಿದಳು. ಎದುರಾಳಿಗೆ ಆಶೀರ್ವಾದ ಮಾಡಬೇಡಿರಿ ಅಂತ ನಾನು ಕಣ್ಣು ಬಿಟ್ಟರೂ "ಗೆದ್ದು ಬಾರವಾ" ಅಂದುಬಿಟ್ಟರು.

ಐವತ್ತು ಮೀಟರಿನಲ್ಲಿ ನನ್ನ ಕೈ ಸೋತಿತು. ಎದುರುಗಾಳಿ. ಗೇಣು ಮೇಲೆ ನೋಡಿದರೂ ಬಾಣ ಕೆಳಗೇ ಇಳಿಯುತ್ತಿತ್ತು. ಒಂಬತ್ತನೇ ಜಾಗಕ್ಕೆ ಬಿದ್ದೆ. ತಂಡಕ್ಕೆ ನಾಲ್ವರೇ. ಬಂದು ಕೂತು ತಲೆ ಬಗ್ಗಿಸಿದೆ. ಜಾಫರಸಾಬರು "ಇನ್ನೂ ಮೂವತ್ತು ಮೀಟರ್ ಅದ, ಧೈರ್ಯ ಬಿಡಬ್ಯಾಡ" ಅಂದರು. ನಮ್ಮತ್ತೆ ಧೈರ್ಯದ ಮಾತು ಒಂದೂ ಆಡಲಿಲ್ಲ. ಮುಂಗೈಯ ಪಟ್ಟಿ ಬಿಚ್ಚಿ ಬಿಗಿಯಾಗಿ ಮತ್ತೆ ಕಟ್ಟಿದರು. "ಮೂವತ್ತು ಅಂದ್ರ ಎಷ್ಟು ದೂರ?" ಅಂದರು.

"ನಮ್ಮ ಬಯಲಿನಾಗ ಬೇವಿನ ಗಿಡದಿಂದ ಗುರಿಹಲಗಿ ಇರತೈತಲ್ಲರಿ, ಅಷ್ಟು."

"ಅಷ್ಟೇನು? ಅಲ್ಲಿ ನೀ ದಿನಾ ಬೊಟ್ಟಿಗೇ ಹೊಡೀತಿ. ನಾ ಆರಿಸೇನಿ, ನನಗ ಗೊತ್ತು."

ಅದು ಧೈರ್ಯದ ಮಾತಲ್ಲ, ಖರೆ ಮಾತು. ಅವರೇ ಆರಿಸಿದ್ದಲ್ಲವೇ! ಎದ್ದು ಹೋಗಿ ನಿಂತೆ. ಹತ್ತಿರದ ಗುರಿಗೆ ಎತ್ತಿನ ಗಾಡಿಯೇ ವಾಸಿ. ಹೊಸ ಬಿಲ್ಲಿನವರು ಗಾಳಿಗೆ ಅಲುಗುತ್ತಿದ್ದರೆ ನನ್ನ ಬಿಳಿತುದಿ ಅಲುಗಲಿಲ್ಲ. ಬಾಣಗಳು ಒಂದರ ಪಕ್ಕ ಒಂದು ಹೋಗಿ ಕೂತವು. ಪ್ರತಿ ಸುತ್ತಿಗೂ ಹಿಂದಿನಿಂದ "ಬೊಟ್ಟಿಗೇ!" ಅಂತ ಕೂಗು. ತೀರ್ಪುಗಾರರು ಎರಡು ಸಲ ಸುಮ್ಮನಿರಿಸಿ ಕೈ ಬಿಟ್ಟರು.

ಸಂಜೆ ಹೆಸರು ಓದಿದರು. ಮೊದಲನೆಯವಳು ಆ ವಿಜಾಪುರದ ಹುಡುಗಿ, ನಮ್ಮತ್ತೆಯ ಆಶೀರ್ವಾದದವಳು. ನಾಲ್ಕನೆಯವಳು ನಾನು! ನಾಲ್ಕನೆಯವಳು! ಜಾಫರಸಾಬರು ಬಿಳಿತುದಿಯನ್ನು ತಡವಿ, "ಮಗಳ, ನಿನ್ನ ಮ್ಯಾಲ ಸುಳ್ಳು ಆರೋಪ ಹೊರಿಸಿದೆ, ಮಾಫ್ ಮಾಡು" ಅಂತ ಬಿಲ್ಲಿಗೆ ಸಲಾಮು ಹೊಡೆದರು. ನಮ್ಮತ್ತೆ ನನ್ನ ದೃಷ್ಟಿ ತೆಗೆದರು. ಅದಕ್ಕೂ ಆ ಡಬ್ಬಿಯ ಬೂದಿಯೇ.

೩ ಡಿಸೆಂಬರ್, ಗುರುವಾರ. ಇಳಕಲ್

ಯಜಮಾನರ ಕಾಗದ ಬಂದಿದೆ. ರಾಯಚೂರಿನಲ್ಲಿ ಕ್ವಾರ್ಟರ್ಸ್ ಸಿಕ್ಕಿತಂತೆ. ಎರಡು ಕೋಣೆ, ನಳದ ನೀರು. "ನೀನು ಹೇಳಿದಂತೆ ಓಡಾಡಿ ಮಾಡಿಸಿದ್ದೇನೆ, ಸಂಕ್ರಾಂತಿಯೊಳಗೆ ಬಂದುಬಿಡು" ಅಂತ ಬರೆದಿದ್ದಾರೆ. ನಾನು ಯಾವಾಗ ಹೇಳಿದ್ದೆ ಅಂತ ಒಂದು ಗಳಿಗೆ ಯೋಚನೆ ಮಾಡಬೇಕಾಯಿತು.

ಎರಡು ಕೋಣೆಯ ಮನೆಯಲ್ಲಿ ಬಾಣ ಎಲ್ಲಿ ಬಿಡುವುದು? ಕಣಿಕೆ ಎಲ್ಲಿ ತರುವುದು? ಗಂಡಸರಿಗೆ ಇದೆಲ್ಲ ಹೊಳೆಯುವುದಿಲ್ಲ. ಬಯಲು ಇಲ್ಲದ ಊರು ನನಗೆ ಬೇಡ, ನೀವೇ ಇತ್ತ ಬದಲಿ ಮಾಡಿಸಿಕೊಳ್ಳಿ ಅಂತ ಬರೆದು ಅಂಚೆಗೆ ಹಾಕಿ ಬಂದೆ. ಬಯಲಿನ ಸಲುವಾಗಿಯೇ, ಬೇರೆ ಏನೂ ಇಲ್ಲ. ನಮ್ಮತ್ತೆಗೆ ತಿಳಿಸಿಲ್ಲ, ತಿಳಿದರೆ ತಲೆಯ ಮೇಲೆ ಕೂರುತ್ತಾರೆ.

ಮುಂದಿನ ತಿಂಗಳು ಬೆಂಗಳೂರಿನಲ್ಲಿ ರಾಜ್ಯ ತಂಡದ ಶಿಬಿರ. ಈಗ ಒಲೆಯ ಮುಂದೆ ಕೂತು ಇಬ್ಬರೂ ಬೂದಿ ಜರಡಿ ಹಿಡಿಯುತ್ತಿದ್ದೇವೆ. ನಡುವೆ ಕೈ ಒರೆಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

"ಒಂದು ಡಬ್ಬಿ ಸಾಕೇನ್ರಿ ಅತ್ತಿ?" ಅಂದೆ.

"ಎಷ್ಟು ಬಿಲ್ಲು ಬರತಾವೋ ಯಾರಿಗೆ ಗೊತ್ತು? ಎರಡು ಒಯ್ಯೂಣು" ಅಂದರು.